ಮಾಂಸ ಹಲಾಲ್ ಆದರೆ ಸಾಕೇ? ಕ್ರೊಯೇಷಿಯಾದ ‘ಪೇಕಾ’ ಹೇಳುವ ಪಾಠ

ಹಬ್ಬದ ದಿನ ನಮ್ಮ ಮನೆಗಳಲ್ಲಿ ಮಾಂಸಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ತರಕಾರಿಗೆ. ಬಿರಿಯಾನಿ, ಕಬಾಬ್, ಹುರಿದ ಮಾಂಸಗಳ ಪಕ್ಕದಲ್ಲಿ ಒಂದಿಷ್ಟು ಈರುಳ್ಳಿ, ಸೌತೆಕಾಯಿ ಕಂಡರೆ ಅದೇ ಹೆಚ್ಚು. ಮಾಂಸ ಹಲಾಲ್ ಆದ ಮೇಲೆ ಎಷ್ಟು ತಿಂದರೂ, ಹೇಗೆ ತಿಂದರೂ ಸರಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಕುರ್‌ಆನ್ ಹಲಾಲ್ ಜೊತೆಗೆ ‘ತಯ್ಯಿಬ್’, ಅಂದರೆ ಶುದ್ಧವೂ ಉತ್ತಮವೂ ಆದ ಆಹಾರವನ್ನು ಸೇವಿಸಲು ಹೇಳುತ್ತದೆ. ತಿನ್ನುವುದರಲ್ಲಿ ಮಿತಿ ಮೀರಬೇಡಿ ಎಂದೂ ಎಚ್ಚರಿಸುತ್ತದೆ.

ಈ ವಿಷಯದಲ್ಲಿ ಕ್ರೊಯೇಷಿಯಾದ ಡಾಲ್ಮೇಷಿಯಾ ಕರಾವಳಿಯ ಒಂದು ಅಡುಗೆಯಿಂದ ನಾವು ಕಲಿಯಬಹುದು. ಅಗಲವಾದ ತಟ್ಟೆಯಂಥ ಪಾತ್ರೆಯಲ್ಲಿ ಕುರಿಮರಿಯ ಮಾಂಸ, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಬೆಳ್ಳುಳ್ಳಿ ಹರಡಿ, ಆಲಿವ್ ಎಣ್ಣೆ ಸವರಿ, ಗಂಟೆಯಾಕಾರದ ಮುಚ್ಚಳ ಹಾಕಿ ಅದರ ಮೇಲೆ ಕೆಂಡ ಹರಡುತ್ತಾರೆ. ಆ ಮುಚ್ಚಳದ ಹೆಸರೇ ‘ಪೇಕಾ’. ನೆರೆಯ ಬೋಸ್ನಿಯಾದ ಮುಸ್ಲಿಮರೂ ಇಂಥದೇ ಮುಚ್ಚಳದಡಿ ಬೇಯಿಸುತ್ತಾರೆ. ಅದನ್ನು ‘ಸಾಚ್’ ಎನ್ನುತ್ತಾರೆ. ದಮ್ ಬಿರಿಯಾನಿಯ ಮುಚ್ಚಳದ ಮೇಲೆ ಕೆಂಡ ಹಾಕುವ ನಮಗೆ ಇದು ಅಪರಿಚಿತವೇನಲ್ಲ.

ಇದರಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಒಂದು, ಪಾತ್ರೆಯ ಅರ್ಧದಷ್ಟು ತರಕಾರಿಯೇ ಇರುತ್ತದೆ. ವಾರಕ್ಕೆ ಬೇಯಿಸಿದ ಕೆಂಪು ಮಾಂಸ 350ರಿಂದ 500 ಗ್ರಾಂ ಮೀರದಿರಲಿ ಎಂಬುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ಹಬ್ಬದ ಒಂದೇ ದಿನದಲ್ಲಿ ನಾವು ಅದನ್ನು ದಾಟಿಬಿಡುತ್ತೇವೆ. ಎರಡು, ಮಾಂಸ ತನ್ನದೇ ಹಬೆಯಲ್ಲಿ ನಿಧಾನವಾಗಿ ಬೇಯುತ್ತದೆ. ನೇರ ಬೆಂಕಿಯಲ್ಲಿ ಮಾಂಸ ಕರಕಲಾದಾಗ, ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಹೊಗೆ ಎದ್ದಾಗ ಹುಟ್ಟುವ ಹಾನಿಕಾರಕ ರಾಸಾಯನಿಕಗಳು ಇಲ್ಲಿ ಕಡಿಮೆ.

ಆದರೆ ಒಂದನ್ನು ಬಿಡಲೇಬೇಕು. ಅಲ್ಲಿನವರು ಇದಕ್ಕೆ ಬಿಳಿ ವೈನ್ ಸುರಿಯುವುದುಂಟು. ‘ಬೇಯುವಾಗ ಮದ್ಯವೆಲ್ಲ ಆರಿಹೋಗುತ್ತದೆ’ ಎಂಬ ವಾದ ವಿಜ್ಞಾನಕ್ಕೂ ಒಪ್ಪುವಂಥದ್ದಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಒಂದೂವರೆ ಗಂಟೆ ಕುದಿಸಿದ ಮೇಲೂ ಸುಮಾರು 20 ಶೇಕಡಾ ಉಳಿಯುತ್ತದೆ. ಉಳಿಯದಿದ್ದರೂ ನಮಗೆ ಅದರ ಅಗತ್ಯವೇನು? ಅರ್ಧ ಲೋಟ ನೀರಿಗೆ ನಿಂಬೆರಸ ಬೆರೆಸಿದರೆ ಸಾಕು.

ಮನೆಯಲ್ಲಿ ಮಾಡುವುದು ಕಷ್ಟವಲ್ಲ. ಒಂದು ಕಿಲೋ ಮೂಳೆಸಹಿತ ಮಾಂಸಕ್ಕೆ ಒಂದು ಕಿಲೋ ತರಕಾರಿ, ಮೂರ್ನಾಲ್ಕು ಚಮಚ ಎಣ್ಣೆ, ಉಪ್ಪು, ಕರಿಮೆಣಸು, ದಾಲ್ಚಿನ್ನಿ ಎಲೆ ಸೇರಿಸಿ ದಪ್ಪ ತಳದ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ. ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು, ತಿರುವಿ ಹಾಕಿ, ಇನ್ನೊಂದು ಗಂಟೆ ಬೇಯಿಸಿ. ಬಲಿತ ಮಾಂಸವಾದರೆ ಇನ್ನೂ ಅರ್ಧ ಗಂಟೆ ಬೇಕು. ಮೂಳೆಯಿಂದ ಮಾಂಸ ತಾನೇ ಬಿಟ್ಟುಕೊಂಡಾಗ ಬೆಂದಿದೆ ಎಂದರ್ಥ.

ಸ್ವಚ್ಛತೆಯೂ ಮುಖ್ಯ. ಹಸಿ ಮಾಂಸ ಕತ್ತರಿಸಿದ ಮಣೆ, ಚೂರಿಯಲ್ಲಿ ತರಕಾರಿ ಹೆಚ್ಚಬೇಡಿ. ಮಾಂಸ ತೊಳೆದ ಸಿಂಕನ್ನು ಸೋಪು ಹಾಕಿ ಉಜ್ಜಿ. ಉಳಿದ ಅಡುಗೆಯನ್ನು ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಇದ್ದಿಲಿನಲ್ಲೇ ಮಾಡುವವರು ಅಂಗಳದಲ್ಲಿ ಮಾತ್ರ ಮಾಡಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಮನೆಮಂದಿಯ ಪ್ರಾಣವನ್ನೇ ತೆಗೆಯಬಹುದು.

ಬಿರಿಯಾನಿಯನ್ನು ಬಿಟ್ಟುಬಿಡಿ ಎಂದು ಯಾರೂ ಹೇಳುತ್ತಿಲ್ಲ. ಹಬ್ಬದ ಮೂರ್ನಾಲ್ಕು ಊಟಗಳಲ್ಲಿ ಒಂದಾದರೂ ಹೀಗಿರಲಿ. ಮಾಂಸ ಅರ್ಧ, ತರಕಾರಿ ಅರ್ಧ ಆದಾಗ ಮಿಕ್ಕ ಮಾಂಸ ಬಡವರ ಮನೆಗೂ ತಲುಪೀತು.