ಉಣ್ಣೆ ಉಂಡೆ ನೋಡದ ಮಾಡೆಲ್

ಮಿನಿ ಪ್ರಾಜೆಕ್ಟ್ ಅಂದ ಕೂಡ್ಲೇ ನಮ್ಮಲ್ಲಿ ಅರ್ಧ ಟೀಮ್‌ಗಳಿಗೆ ನೆನಪಾಗೋದು ಮೆಡಿಕಲ್ ಇಮೇಜ್ ಕ್ಲಾಸಿಫಿಕೇಷನ್. ಡೇಟಾಸೆಟ್ ಡೌನ್‌ಲೋಡ್ ಮಾಡು, ರೆಸ್‌ನೆಟ್ ಓಡಿಸು, 98% ಅಂತ ಸ್ಲೈಡ್ ಹಾಕು, ಮುಗೀತು. ಆ 98% ಯಾರಿಗೆ ಉಪಯೋಗ ಅಂತ ವೈವಾದಲ್ಲಿ ಯಾರೂ ಕೇಳಲ್ಲ. ಚಳ್ಳಕೆರೆ, ಮೊಳಕಾಲ್ಮೂರಿನ ಕಡೆಯಿಂದ ನಾವೇ ಒಮ್ಮೆ ಕೇಳಿಕೊಳ್ಳೋಣ.

ಕಂಬಳಿಗೆ ಹೆಸರಾದ ಸೀಮೆ ಅದು. ಕುರಿ, ಕುರಿ ಕಾಯೋ ನಾಯಿ, ಕುರಿಗಾಹಿ ಮೂವರೂ ಒಟ್ಟಿಗೇ ಇರ್ತಾರೆ. ಎಕಿನೊಕಾಕಸ್ ಅನ್ನೋ ಪುಟ್ಟ ಲಾಡಿಹುಳುವಿಗೆ ಬೇಕಾಗಿರೋದೂ ಇಷ್ಟೇ. ಸತ್ತ ಕುರಿಯ ಲಿವರ್, ಶ್ವಾಸಕೋಶದಲ್ಲಿ ಗುಳ್ಳೆ ಇದ್ದು ನಾಯಿ ಅದನ್ನು ತಿಂದ್ರೆ, ಹುಳು ನಾಯಿಯ ಕರುಳಲ್ಲಿ ಬೆಳೆಯುತ್ತೆ. ನಾಯಿಯ ಮಲದಲ್ಲಿ ಬಂದ ಮೊಟ್ಟೆ ಕೈಯಿಂದಲೋ ನೀರಿನಿಂದಲೋ ಮನುಷ್ಯರ ಹೊಟ್ಟೆ ಸೇರಿದ್ರೆ, ಹೆಚ್ಚಾಗಿ ಲಿವರ್‌ನಲ್ಲೇ ನೀರು ತುಂಬಿದ ಚೀಲವಾಗಿ ನಿಧಾನಕ್ಕೆ ಬೆಳೆಯುತ್ತೆ. ಇದೇ ಹೈಡಾಟಿಡ್ ಸಿಸ್ಟ್. ವರ್ಷಗಟ್ಟಲೆ ನೋವೇ ಇರದೆ ಇರಬಹುದು.

ಇದನ್ನು ಅಲ್ಟ್ರಾಸೌಂಡ್‌ನಲ್ಲಿ ವಿಂಗಡಿಸೋ ಪದ್ಧತಿಯನ್ನು ಗರ್ಬಿ ಮತ್ತು ಸಂಗಡಿಗರು 1981ರಲ್ಲೇ ಕೊಟ್ಟರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು ಸಿಇ-1ರಿಂದ ಸಿಇ-5ರವರೆಗೆ ಹಂತಗಳನ್ನು ಗೊತ್ತು ಮಾಡಿತು. ಸಿಇ-1 ಒಂದೇ ಚೀಲ, ಗೋಡೆ ಎರಡು ಗೆರೆಯ ಹಾಗೆ. ಸಿಇ-2ರಲ್ಲಿ ಒಳಗೆ ಮರಿಚೀಲಗಳು, ಜೇನುಗೂಡಿನ ಹಾಗೆ. ಸಿಇ-3ಎ ಹಂತದಲ್ಲಿ ಒಳಪೊರೆ ಕಳಚಿ ತೇಲುತ್ತೆ. 3ಬಿ ಅಂದ್ರೆ ಗಟ್ಟಿ ಭಾಗದೊಳಗೆ ಮರಿಚೀಲಗಳು. ಸಿಇ-4ರಲ್ಲಿ ಸತ್ತ ಪೊರೆಗಳು ಮಡಚಿಕೊಂಡು ಉಣ್ಣೆ ಉಂಡೆಯ ಹಾಗೆ ಕಾಣುತ್ತವೆ. ರೇಡಿಯಾಲಜಿಯಲ್ಲಿ ಅದರ ಹೆಸರೇ ಹಾಗೆ! ಸಿಇ-5ರಲ್ಲಿ ಗೋಡೆಗೆ ಸುಣ್ಣ ಕಟ್ಟಿರುತ್ತೆ.

ಈ ಹಂತದ ಮೇಲೇ ಚಿಕಿತ್ಸೆ ನಿಂತಿದೆ. ಸಣ್ಣ ಸಿಇ-1, 3ಎ ಆದ್ರೆ ಆಲ್ಬೆಂಡಜೋಲ್ ಮಾತ್ರೆ ಸಾಕಾಗಬಹುದು. ದೊಡ್ಡದಾದ್ರೆ ಸೂಜಿ ಹಾಕಿ ನೀರು ತೆಗೆದು ಔಷಧಿ ತುಂಬೋ ವಿಧಾನ ಇದೆ. 2, 3ಬಿಗೆ ಸಾಮಾನ್ಯವಾಗಿ ಆಪರೇಷನ್. ತೊಂದರೆ ಕೊಡದ 4, 5ನ್ನು ಆಗಾಗ ಸ್ಕ್ಯಾನ್ ಮಾಡ್ತಾ ಕಾಯ್ತಾರೆ. ಅಂದ್ರೆ 4ನ್ನು 3ಬಿ ಅಂತ ತಪ್ಪಾಗಿ ಹೇಳಿದ್ರೆ ಒಬ್ಬ ಕುರಿಗಾಹಿಗೆ ಬೇಡದ ಆಪರೇಷನ್. ಸಿಇ-1ನ್ನು ಸಾದಾ ಸಿಸ್ಟ್ ಅಂದ್ಕೊಂಡು ತಯಾರಿಯಿಲ್ಲದೆ ಚುಚ್ಚಿದ್ರೆ, ಒಳಗಿನ ನೀರು ಸೋರಿ ಜೀವಕ್ಕೇ ಅಪಾಯ ತರೋ ಅಲರ್ಜಿ ಆಗಬಹುದು. ಎಲ್ಲ ತಪ್ಪಿಗೂ ಒಂದೇ ಬೆಲೆ ಅಲ್ಲ. ನಮ್ಮ ಅಕ್ಯುರೆಸಿ ಲೆಕ್ಕ ಮಾತ್ರ ಎಲ್ಲವನ್ನೂ ಒಂದೇ ಅಂತ ನೋಡುತ್ತೆ.

100 ಚಿತ್ರದಲ್ಲಿ 90 ಸಾದಾ ಸಿಸ್ಟ್ ಇದ್ರೆ, ಕಣ್ಣು ಮುಚ್ಚಿ ಎಲ್ಲಕ್ಕೂ 'ಸಾದಾ' ಅಂದ್ರೂ 90% ಬರುತ್ತೆ. ಒಬ್ಬರದೇ ಹತ್ತು ಫ್ರೇಮ್‌ಗಳನ್ನು ಟ್ರೇನ್‌ಗೂ ಟೆಸ್ಟ್‌ಗೂ ಹಂಚಿದ್ರೆ ಮಾಡೆಲ್ ರೋಗ ಕಲಿಯಲ್ಲ, ಆ ರೋಗಿಯನ್ನು ಕಲಿಯುತ್ತೆ. ಆದ್ದರಿಂದ ಹಂಚಬೇಕಾದ್ದು ಚಿತ್ರಗಳನ್ನಲ್ಲ, ರೋಗಿಗಳನ್ನು. ರಿಪೋರ್ಟ್‌ನಲ್ಲಿ ಪ್ರತಿ ಹಂತದ ಸೆನ್ಸಿಟಿವಿಟಿ ಬೇರೆಬೇರೆ ಬರಲಿ. ಸಂಶಯ ಇದ್ದಲ್ಲಿ 'ಡಾಕ್ಟರ್ ನೋಡಲಿ' ಅನ್ನೋದೂ ಮಾಡೆಲ್‌ಗೆ ಒಂದು ಉತ್ತರವಾಗಲಿ.

ಪೋರ್ಟಬಲ್ ಮೆಷಿನ್ ಹಿಡ್ಕೊಂಡು ಹಟ್ಟಿಗೇ ಹೋಗೋಣ ಅಂತ ಕೆಲವರು ಹೇಳ್ತಾರೆ. ಕೀನ್ಯಾದ ತುರ್ಕಾನಾದಲ್ಲಿ 1980ರ ದಶಕದಲ್ಲೇ ಅಂಥ ಸರ್ವೆ ನಡೆದಿದೆ, ನಿಜ. ಆದ್ರೆ ನಮ್ಮಲ್ಲಿ ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆ ಇದೆ. ನೋಂದಣಿಯಾದ ಮೆಷಿನ್ ಅನ್ನೂ ಎಲ್ಲೆಂದರಲ್ಲಿ ಒಯ್ಯೋ ಹಾಗಿಲ್ಲ, ಅದಕ್ಕೆ ಒಳ್ಳೇ ಕಾರಣವೂ ಇದೆ. ಹಾಗಾಗಿ ನಾವು ಕಟ್ಟೋ ಸಾಫ್ಟ್‌ವೇರ್ ಆಸ್ಪತ್ರೆಯಲ್ಲಿ ಈಗಾಗಲೇ ಇರೋ ಮೆಷಿನ್ ಜೊತೆ ಕೆಲಸ ಮಾಡಬೇಕು.

ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲೇ, ಕುದಾಪುರದಲ್ಲಿ, ಈಗ ಐಐಎಸ್‌ಸಿ ಕ್ಯಾಂಪಸ್ ಇದೆ. ವಿಜ್ಞಾನಕ್ಕೆ ಜಾಗ ಬಿಟ್ಟ ಊರಿನವರ ಲಿವರ್ ಕೂಡ ವಿಜ್ಞಾನದ ವಿಷಯವಾಗಬೇಕು ಅನ್ನೋದು ದೊಡ್ಡ ಬೇಡಿಕೆಯೇನಲ್ಲ. ನಾವು ಮಾಡಬಹುದಾದ್ದು ಸಣ್ಣದು: ಎಥಿಕ್ಸ್ ಕಮಿಟಿ ಒಪ್ಪಿಗೆ ಪಡೆದು, ಒಬ್ಬ ರೇಡಿಯಾಲಜಿಸ್ಟ್ ಮತ್ತು ಒಬ್ಬ ಪಶುವೈದ್ಯರನ್ನು ಗೈಡ್ ಮಾಡ್ಕೊಂಡು, ಹೆಸರು ತೆಗೆದ ಸ್ಕ್ಯಾನ್‌ಗಳಿಗೆ ಹಂತ ಗುರುತಿಸೋ ಕೆಲಸ. ಪಶುವೈದ್ಯರು ಯಾಕೆ ಅಂದ್ರೆ, ನಾಯಿಗೆ ಪ್ರಾಜಿಕ್ವಾಂಟೆಲ್ ಕೊಡೋದು, ಸತ್ತ ಕುರಿಯ ಲಿವರ್ ನಾಯಿಗೆ ಸಿಗದ ಹಾಗೆ ಹೂಳೋದು, ಇವೆರಡು ನಡೆಯದೆ ಹೋದ್ರೆ ನಮ್ಮ ಕ್ಲಾಸಿಫೈಯರ್ ಬರೀ ಹೊಸ ರೋಗಿಗಳನ್ನು ಎಣಿಸ್ತಾ ಕೂರುತ್ತೆ. ಮುಂದಿನ ಸೆಮಿಸ್ಟರ್‌ಗೆ ಟೀಮ್ ಹುಡುಕ್ತಾ ಇರೋರು ಇದನ್ನು ಯೋಚಿಸಿ ನೋಡಿ.