ಸಮಾಪ್ತಿಯ ವಿಧಿ

ನಮ್ಮ ಪೂರ್ವಶಿಷ್ಯನೊಬ್ಬನು ಬೆಂಗಳೂರಿನಲ್ಲಿ ತಮ್ಮನೊಡನೆ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದನ್ನು ತೆರೆದಿದ್ದನು. ವ್ಯಾಪಾರವು ನಿಲ್ಲಲು, ಬಾಗಿಲಿಗೆ ಬೀಗವಿಕ್ಕಿ ನಿಶ್ಚಿಂತನಾದನು. ನಾಲ್ಕು ವರ್ಷಗಳ ಮೇಲೆ ನೋಟೀಸನ್ನು ಹಿಡಿದು ನಮ್ಮಲ್ಲಿಗೆ ಬಂದನು.

ಬೀಗವನ್ನು ಕಾಯಿದೆಯು ಕಾಣದು. ವಾರ್ಷಿಕ ಲೆಕ್ಕಪತ್ರಗಳನ್ನು ರಿಜಿಸ್ಟ್ರಾರರಿಗೆ ಒಪ್ಪಿಸದಿದ್ದರೆ ಪತ್ರವೊಂದಕ್ಕೆ ದಿನಕ್ಕೆ 100 ರೂಪಾಯಿಯಂತೆ ಶುಲ್ಕವು ಬೆಳೆಯುವುದು. ಮೂರು ವರ್ಷ ಎಡೆಬಿಡದೆ ತಪ್ಪಿದರೆ, ಐದು ವರ್ಷ ಬೇರೆ ಕಂಪನಿಯಲ್ಲಿಯೂ ನಿರ್ದೇಶಕನಾಗುವಂತಿಲ್ಲ. 2013ರ ಕಂಪನಿ ಕಾಯಿದೆಯ 248ನೆಯ ಪ್ರಕರಣದಂತೆ, ಸಾಲವನ್ನೆಲ್ಲ ತೀರಿಸಿ, ವಿಶೇಷ ನಿರ್ಣಯದಿಂದಾಗಲಿ ಬಂಡವಾಳದಲ್ಲಿ ಶೇಕಡ 75 ಪಾಲುಳ್ಳವರ ಒಪ್ಪಿಗೆಯಿಂದಾಗಲಿ ಅರ್ಜಿಯಿಟ್ಟು ಹೆಸರನ್ನು ತೆಗೆಯಿಸತಕ್ಕದ್ದು. ಜಿ.ಎಸ್.ಟಿ. ನೋಂದಣಿಯನ್ನೂ ರದ್ದುಪಡಿಸಿಕೊಳ್ಳಬೇಕು.

ಋಣಶೇಷವನ್ನು ಉಳಿಸಬಾರದೆಂಬುದು ಹಿರಿಯರ ಮಾತು. ಆರಂಭಕ್ಕೆ ಮುಹೂರ್ತವನ್ನು ನೋಡುವ ನಾವು, ಸಮಾಪ್ತಿಗೂ ವಿಧಿಯುಂಟೆಂಬುದನ್ನು ಮರೆಯದಿರೋಣ.