ಮನೆ ಮೊದಲೋ, ನೀರು ಮೊದಲೋ?

ಬೆಂಗಳೂರಿನಲ್ಲಿ ಹೊಸ ವಸತಿ ಸಮುಚ್ಚಯಗಳ ನಿರ್ಮಾಣವನ್ನು ಐದು ವರ್ಷಗಳ ಕಾಲ ತಡೆಹಿಡಿಯುವ ಯೋಚನೆ ಸರ್ಕಾರಕ್ಕಿರುವುದೆಂದು 2019ರ ಜೂನ್ ತಿಂಗಳಲ್ಲಿ ಆಗಿನ ಉಪಮುಖ್ಯಮಂತ್ರಿಗಳೂ ಬೆಂಗಳೂರು ಅಭಿವೃದ್ಧಿ ಸಚಿವರೂ ಆಗಿದ್ದ ಡಾ|| ಜಿ. ಪರಮೇಶ್ವರರವರು ಪ್ರಕಟಪಡಿಸಿದರು. ನೀರಿನ ಏರ್ಪಾಡಿಲ್ಲದೆ ಮನೆಗಳನ್ನು ಮಾರಿ, ಕೊಂಡವರನ್ನು ಟ್ಯಾಂಕರುಗಳ ಪಾಲಿಗೆ ಬಿಡುವುದು ಸಲ್ಲದೆಂಬುದು ಅವರ ವಾದವಾಗಿದ್ದಿತು. ಕಟ್ಟಡದ ಉದ್ಯಮಿಗಳು ಕೂಡಲೆ ಪ್ರತಿಭಟಿಸಿದರು. ಜುಲೈ 23ರಂದು ಸಮ್ಮಿಶ್ರ ಸರ್ಕಾರವು ವಿಶ್ವಾಸಮತದಲ್ಲಿ ಸೋತಿತು. ಅದರೊಡನೆ ಆ ಯೋಚನೆಯೂ ಮರೆಯಾಯಿತು. ಆದರೆ ಅದು ಎತ್ತಿದ ಪ್ರಶ್ನೆ ಇಂದಿಗೂ ಉತ್ತರ ಕಾಣದೆ ನಿಂತಿದೆ.

ರಾಜಧಾನಿಯ ಈ ಚರ್ಚೆಯಿಂದ ಬುಕ್ಕಾಪಟ್ಟಣದವರಿಗೇನು ಎಂದು ವಾಚಕರು ಕೇಳಬಹುದು. ಪ್ರಶ್ನೆಯನ್ನೆತ್ತಿದ ಸಚಿವರು ನೆರೆಯ ಕೊರಟಗೆರೆಯ ಪ್ರತಿನಿಧಿಗಳೆಂಬುದು ಸಣ್ಣ ಮಾತು. ದೊಡ್ಡ ಮಾತೆಂದರೆ ನೀರು. ಒಣನೆಲದ ಮೃಗವಾದ ಚಿಂಕಾರಕ್ಕೆ ವನ್ಯಧಾಮವಾಗಿರುವ ಸೀಮೆ ನಮ್ಮದು. ಕಳ್ಳಂಬೆಳ್ಳ, ಶಿರಾ ಕೆರೆಗಳು ಹೇಮಾವತಿಯ ನಾಲೆಯ ದಾರಿ ನೋಡುತ್ತವೆ. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ನೀರು ತರುವುದೇ ಮುಖ್ಯ ವಾಗ್ದಾನವಾಗಿದ್ದಿತು. ಹೇಮಾವತಿಯಾದರೋ ಕಾವೇರಿಯ ಉಪನದಿ. ಆದುದರಿಂದ ಮಹಾನಗರದ ನಲ್ಲಿಯೂ ನಮ್ಮ ಕೆರೆಯೂ ಒಂದೇ ಗಂಟಿನ ಪಾಲುಗಾರರು. ಅಲ್ಲಿ ಲೆಕ್ಕವಿಲ್ಲದೆ ಕಟ್ಟಿದ ಮನೆಯ ಸಾಲವು ಇಲ್ಲಿಯ ಕೆರೆಯ ಮೇಲೂ ಬೀಳುವುದು.

ಬೆಂಗಳೂರಿನ ಬಾಯಾರಿಕೆಯ ಚರಿತ್ರೆಯನ್ನು ನೋಡಬೇಕು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಸುಮಾರು 100 ಕಿಲೋಮೀಟರು ದೂರದ ಕಾವೇರಿಯಿಂದ ನೀರು ಬಂದಿತು. ಪ್ರತಿ ಬಾರಿಯೂ ನೀರು ಬಂದ ಮೇಲೆ ಊರು ಅದನ್ನು ಮೀರಿ ಬೆಳೆಯಿತು. 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ಕಾವೇರಿಯ ಐದನೆಯ ಹಂತದ ನೀರು ಉದ್ಘಾಟನೆಯಾದುದು 2024ರ ಅಕ್ಟೋಬರ್ 16ರಂದು, ದಿನಕ್ಕೆ 77.5 ಕೋಟಿ ಲೀಟರು. ಈ ನಡುವಣ ಹದಿನೇಳು ವರ್ಷಗಳಲ್ಲಿ ಅಲ್ಲಿ ಮನೆಗಳು ಮಾತ್ರ ಕಾಯಲಿಲ್ಲ. ಫಲವು 2024ರ ಮಾರ್ಚಿಯಲ್ಲಿ ಕಂಡಿತು. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿರುವುವೆಂದೂ, ದಿನಕ್ಕೆ 260 ಕೋಟಿ ಲೀಟರು ಬೇಕಾದಲ್ಲಿ 50 ಕೋಟಿಯ ಕೊರತೆಯಿರುವುದೆಂದೂ ಮುಖ್ಯಮಂತ್ರಿಗಳೇ ತಿಳಿಸಿದರು. ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ 5,000 ರೂ. ದಂಡ ವಿಧಿಸುವ ಕಾಲ ಬಂದಿತು.

ಹಾಗಾದರೆ ಐದು ವರ್ಷಗಳ ತಡೆಯೇ ಪರಿಹಾರವೆ? ನಾವು ಹಾಗೆಣಿಸುವುದಿಲ್ಲ. ತಡೆಯಿಂದ ಮನೆಯುಳ್ಳವನ ಸೊತ್ತಿನ ಬೆಲೆ ಏರುವುದು, ಮನೆಯಿಲ್ಲದವನ ಬಾಡಿಗೆಯೂ ಏರುವುದು. ಹೊಟ್ಟೆಪಾಡಿಗಾಗಿ ಶಿರಾ, ಪಾವಗಡಗಳಿಂದ ಹೋದ ನಮ್ಮ ಮಕ್ಕಳೇ ಆ ಬಾಡಿಗೆಯನ್ನು ತೆರತಕ್ಕವರು. ಇದಲ್ಲದೆ ದೊಡ್ಡ ಸಮುಚ್ಚಯಗಳಿಗೆ ಕೊಳೆನೀರನ್ನು ತಾವೇ ಶುದ್ಧಿಗೊಳಿಸಬೇಕೆಂಬ ಕಟ್ಟಳೆಯುಂಟು, ಬಿಡಿಮನೆಗಳಿಗೆ ಅದಿಲ್ಲ. ಸಮುಚ್ಚಯಗಳನ್ನು ಮಾತ್ರ ತಡೆದರೆ ನಗರವು ಹೊಲಗದ್ದೆಗಳ ಮೇಲೆ ಮತ್ತಷ್ಟು ಹರಡುವುದೇ ಹೊರತು ನೀರು ಉಳಿಯದು.

ಅನ್ಯರ ಅನುಭವವೂ ಇದನ್ನೇ ಹೇಳುತ್ತದೆ. ಕಸದ ವಿಲೇವಾರಿಯ ದುರವಸ್ಥೆಯನ್ನು ಕಂಡು 2016ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ನಗರದಲ್ಲಿ ಹೊಸ ಕಟ್ಟಡಗಳ ಅನುಮತಿಯನ್ನು ತಡೆಯಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಸಡಿಲಿಸಿತು. ತಡೆಯೆಂಬುದು ತಾನಾಗಿಯೇ ಕಸವನ್ನೂ ತೆಗೆಯದು, ನೀರನ್ನೂ ತಾರದು. ಅಮೆರಿಕದ ಅರಿಜೋನ ಸಂಸ್ಥಾನದವರು ಬೇರೆ ದಾರಿ ಹಿಡಿದರು. ಬಡಾವಣೆ ಕಟ್ಟುವವನು 100 ವರ್ಷಗಳಿಗೆ ಸಾಲುವ ನೀರನ್ನು ಮೊದಲು ತೋರಿಸಬೇಕೆಂಬ ಶಾಸನ ಅಲ್ಲಿದೆ. 2023ರ ಜೂನಿನಲ್ಲಿ ಫೀನಿಕ್ಸ್ ನಗರದ ಸುತ್ತ ಅಂತರ್ಜಲವನ್ನೇ ನೆಚ್ಚಿದ ಹೊಸ ಬಡಾವಣೆಗಳಿಗೆ ಅನುಮತಿ ನಿಂತಿತು. ಬೇರೆ ನೀರನ್ನು ತೋರಿಸಬಲ್ಲವರಿಗೆ ಬಾಗಿಲು ತೆರೆದೇ ಇದ್ದಿತು.

ನಮ್ಮಲ್ಲಿ ಕಟ್ಟಡಕ್ಕೆ ಪರವಾನಗಿ ಕೊಡುವವರು ಒಬ್ಬರು, ಬಡಾವಣೆಗೆ ಒಪ್ಪಿಗೆ ಕೊಡುವವರು ಇನ್ನೊಬ್ಬರು, ನೀರು ಕೊಡತಕ್ಕ ಜಲಮಂಡಲಿ ಮತ್ತೊಂದು. ಒಬ್ಬರ ಲೆಕ್ಕ ಮತ್ತೊಬ್ಬರಿಗೆ ತಿಳಿಯದು. ಮಿಗಿಲಾಗಿ, 2020ರ ಸೆಪ್ಟೆಂಬರಿನಿಂದ 2025ರಲ್ಲಿ ರದ್ದಾಗುವವರೆಗೆ ಬೃಹತ್ ಮಹಾನಗರ ಪಾಲಿಕೆಯಲ್ಲಿ ಚುನಾಯಿತ ಸಭೆಯೇ ಇರಲಿಲ್ಲ. ಇಂತಹ ವಿಷಯವು ಸಚಿವರೊಬ್ಬರ ಹೇಳಿಕೆಯಲ್ಲಿ ಹುಟ್ಟಿ ಸರ್ಕಾರದೊಡನೆ ಸಾಯತಕ್ಕುದಲ್ಲ. ಬಾಡಿಗೆದಾರನೂ ಕಟ್ಟಡದ ಕೂಲಿಯೂ ಉದ್ಯಮಿಯೂ ತಮ್ಮ ಪ್ರತಿನಿಧಿಯ ಮೂಲಕ ಮಾತನಾಡಬಲ್ಲ ಪೌರಸಭೆಯಲ್ಲಿ ಅದು ಬಹಿರಂಗವಾಗಿ ಚರ್ಚಿತವಾಗಬೇಕು. 2025ರ ಸೆಪ್ಟೆಂಬರಿನಲ್ಲಿ ರಚಿತವಾದ ಐದು ನಗರಪಾಲಿಕೆಗಳ ಚುನಾಯಿತ ಸಭೆಗಳಿಗೆ ಇದಕ್ಕಿಂತ ಮುಖ್ಯವಾದ ಕೆಲಸವಿಲ್ಲ.

ತಡೆ ಬೇಕಾದಲ್ಲಿ ಬರಲಿ. ಆದರೆ ನೀರಿಲ್ಲವೆಂದು ಲೆಕ್ಕದಿಂದ ಸಿದ್ಧವಾದ ಬಡಾವಣೆಗಳಿಗೆ ಮಾತ್ರ ಬರಲಿ. ಅದಕ್ಕೆ ಗೊತ್ತಾದ ಅವಧಿಯಿರಲಿ. ಆ ಅವಧಿಯಲ್ಲಿ ಯಾವ ಕೊಳವೆ, ಯಾವ ಕೆರೆ, ಯಾವ ಶುದ್ಧೀಕರಣದ ಕೆಲಸ ಮುಗಿಯಬೇಕೆಂಬುದನ್ನು ನಿರ್ಣಯದಲ್ಲಿಯೇ ಬರೆಯಲಿ. ಬಾವಿ ತೋಡಿ ಮನೆ ಕಟ್ಟುವುದು ನಮ್ಮ ಹಳ್ಳಿಗರ ಹಳೆಯ ವಿವೇಕ. ರಾಜಧಾನಿಯು ಅದನ್ನು ಕಲಿಯದಿದ್ದರೆ ಅದರ ಬೆಲೆಯನ್ನು ತಾನೊಂದೇ ತೆರುವುದಿಲ್ಲ. ಶಿರಾ ಸೀಮೆಯ ಒಣಕೆರೆಗಳೂ ತೆರಬೇಕಾಗುವುದು.